ದಪ್ಪ ತಂತಿಯ ಸ್ನೇಹ

(ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡಿಗರ ತಿಂಗಳ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸ್ವರ ಕೇಳಿಸುತ್ತೇನೆ. ನಿಮ್ಮ ನಿಮ್ಮ ಕುರ್ಚಿಯ ಮೇಲೆ ಅಂಗೈ ಇಟ್ಟುಕೊಳ್ಳಿ.

ಗೊತ್ತಾಯಿತಾ? ಕಿವಿಗೆ ಬಂದ ಹಾಗೇ ಕೈಗೂ ಬಂತು. ಇದು ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ. ಇದಕ್ಕೆ ‘ಇ’ ತಂತಿ ಅನ್ನುತ್ತಾರೆ. ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅದರಿಂದ ಏಳುವ ಒಂದೊಂದು ಅಲೆಯ ಉದ್ದ ಗಾಳಿಯಲ್ಲಿ 8 ಮೀಟರಿಗೂ ಸ್ವಲ್ಪ ಜಾಸ್ತಿ. ಇಲ್ಲಿ ಡೊಂಬಿವಲಿಯಲ್ಲಿ ನಮ್ಮ ಮನೆಯ ಹಾಲ್ ಕೂಡ ಅಷ್ಟು ಉದ್ದ ಇಲ್ಲ.

ಬ್ಯಾಗ್ ಹೊತ್ತು ಹೊರಟರೆ ಲಿಫ್ಟಿನಲ್ಲಿ, ರೈಲಿನಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಇದು ಗಿಟಾರಾ? ಹೌದು ಅಂತ ತೆಗೆದು ತೋರಿಸಿದರೆ, ಉಳಿದ ಎರಡು ತಂತಿ ಎಲ್ಲಿ ಅನ್ನುತ್ತಾರೆ. ಗಿಟಾರಿಗೆ ಆರು ತಂತಿ, ಇದಕ್ಕೆ ಸಾಮಾನ್ಯವಾಗಿ ನಾಲ್ಕು. ತಗ್ಗಿನಿಂದ ಏರುತ್ತಾ ಹೋದರೆ ಇ, ಎ, ಡಿ, ಜಿ. ಗಿಟಾರಿನ ನಾಲ್ಕು ದಪ್ಪ ತಂತಿಗಳ ಸ್ವರವೂ ಇವೇ. ಆದರೆ ಬೇಸ್ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ. ನಮ್ಮ ತಂಬೂರಿಗೂ ನಾಲ್ಕೇ ತಂತಿ ಅಲ್ವಾ? ತಂಬೂರಿ ಹಾಡು ಮುಗಿಯುವವರೆಗೂ ಒಂದೇ ಶ್ರುತಿ ಹಿಡಿದು ಕೂತಿರುತ್ತದೆ. ಬೇಸ್ ಹಾಡಿನ ಜೊತೆ ಹೆಜ್ಜೆ ಹಾಕುತ್ತದೆ. ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಇದು ನಡೆದಾಡುವ ತಂಬೂರಿ.

ನಾನು ಸಂಗೀತದಲ್ಲಿ ಹೊಟ್ಟೆ ಹೊರೆಯುವವಳಲ್ಲ. ಮುಂಬಯಿಯ ಫೋರ್ಟ್‌ನಲ್ಲಿ ವಿಮಾ ಕಚೇರಿಯಲ್ಲಿ ಕೆಲಸ. ಈಗ ವಯಸ್ಸು 52. ಬೇಸ್ ಹಿಡಿದದ್ದು 43ರಲ್ಲಿ. ಈ ಒಂಬತ್ತು ವರ್ಷದಲ್ಲಿ ಇದರಿಂದ ಒಂದು ರೂಪಾಯಿ ಸಂಪಾದಿಸಿಲ್ಲ, ಸಂಪಾದಿಸುವ ಯೋಚನೆಯೂ ಇಲ್ಲ. ನಾನು ಹವ್ಯಾಸಿ. ಈ ಪದದ ಮೇಲೆ ನನಗೆ ತುಂಬ ಪ್ರೀತಿ. ಅದಕ್ಕೆ ಕಾರಣ ಅಪ್ಪಯ್ಯ.

ಅಪ್ಪಯ್ಯ ಕುಂದಾಪುರದ ಕಡೆಯವರು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಮಾಟುಂಗದ ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತರು. ರಾತ್ರಿ ಶಾಲೆಯಲ್ಲಿ ಓದಿದರು. ಇಲ್ಲಿ ಕೂತಿರುವ ಎಷ್ಟೋ ಮನೆಗಳ ಕಥೆ ಇದೇ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಬಿಡುವಿದ್ದಾಗ ಅವರು ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ಮದ್ದಳೆ ಬಾರಿಸುತ್ತಿದ್ದರು. ಆಟ ಮುಗಿಸಿ ಬೆಳಗಿನ ಮೊದಲ ಲೋಕಲ್‌ನಲ್ಲಿ ಬಂದು, ಸ್ನಾನ ಮಾಡಿ, ಹಾಗೇ ಕೆಲಸಕ್ಕೆ ಹೋಗುತ್ತಿದ್ದರು. ಅವತ್ತು ಅವರ ಮುಖದಲ್ಲಿ ಬೇರೆ ದಿನಗಳಿಗಿಂತ ಹೆಚ್ಚು ಗೆಲುವು ಇರುತ್ತಿತ್ತು. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ, “ಅಪ್ಪಯ್ಯ, ಎಲ್ಲರೂ ವೇಷ ನೋಡ್ತಾರೆ. ನಿಮ್ಮನ್ನು ಯಾರೂ ನೋಡೂದಿಲ್ಲ ಅಲ್ದಾ?” ಅದಕ್ಕೆ ಅವರು, “ನಾನು ಭಾಗವತರನ್ನು ನೋಡ್ತೇನಲ್ಲ ಮಗಾ. ಅವರು ಉಸಿರು ತಕೊಳ್ಳೂದು ನೋಡಿದ್ರೆ ಮುಂದೆ ಏನು ಬಾರಿಸ್ಬೇಕು ಅಂತ ಗೊತ್ತಾಗ್ತದೆ” ಅಂದಿದ್ದರು.

ಅದು ಆಗ ಅರ್ಥವಾಗಲಿಲ್ಲ. ಮಗಳನ್ನು ಗಿಟಾರ್ ಕ್ಲಾಸಿಗೆ ಬಿಡಲು ಹೋಗುತ್ತಿದ್ದ ದಿನಗಳಲ್ಲಿ ನೆನಪಾಯಿತು. ತರಕಾರಿ ಚೀಲ ಕಾಲ ಹತ್ತಿರ ಇಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದೆ. ಒಳಗೆ ಮೂಲೆಯಲ್ಲಿ ಮೇಷ್ಟ್ರ ಬೇಸ್ ನಿಂತಿತ್ತು. ಒಂದು ಸಂಜೆ ಕ್ಲಾಸ್ ಮುಗಿದ ಮೇಲೆ ಕೇಳಿ, ಕೂತು, ಒಂದು ತಂತಿ ಎಳೆದೆ. ವಾದ್ಯದ ಮೈ ನನ್ನ ಪಕ್ಕೆಲುಬಿಗೆ ತಾಗಿತ್ತು. ಸ್ವರ ಎದೆಯೊಳಗೆ ಹೋಯಿತು. ಅಪ್ಪಯ್ಯನ ತೊಡೆಯ ಮೇಲೆ ಕೂತು ಮದ್ದಳೆಗೆ ಕೆನ್ನೆ ಒತ್ತಿದಾಗ ಹೀಗೇ ಆಗುತ್ತಿತ್ತು. ಮುಂದಿನ ವಾರ ನಾನೂ ಫೀಸು ಕಟ್ಟಿದೆ.

ಮೊದಲ ಬೇಸ್ ಕೊಂಡ ಕಥೆ ಹೇಳಲೇಬೇಕು, ಯಾಕೆಂದರೆ ನಿಮ್ಮಲ್ಲಿ ಯಾರಾದರೂ ಕೊಳ್ಳಲು ಹೊರಟರೆ ಉಪಯೋಗಕ್ಕೆ ಬರುತ್ತದೆ. ಸೆಕೆಂಡ್ ಹ್ಯಾಂಡ್, 9,000 ರೂಪಾಯಿ. ಅಂಗಡಿಯವರು ಒರೆಸಿ ಫಳಫಳ ಹೊಳೆಸಿ ಕೊಟ್ಟರು. ಮನೆಗೆ ತಂದು ನೋಡಿದರೆ ಕೆಲವು ಕಡೆ ಒತ್ತಿದಾಗ ತಂತಿ ಜರ್ರ್ ಅನ್ನುತ್ತದೆ. ಕುತ್ತಿಗೆ, ಅಂದರೆ ನೆಕ್, ತಿರುಚಿಕೊಂಡಿತ್ತು. ವಾಪಸ್ ಒಯ್ದರೆ “ಹೊಸ ತಂತಿ ಹಾಕಿ, ಸರಿಹೋಗುತ್ತದೆ” ಅಂದರು. ಸರಿಹೋಗಲಿಲ್ಲ. ಮೂರು ತಿಂಗಳು ತಪ್ಪು ನನ್ನ ಬೆರಳಿನದು ಅಂತಲೇ ನಂಬಿ ಒದ್ದಾಡಿದೆ. ಹಣಕ್ಕಿಂತ ಆ ಮೂರು ತಿಂಗಳಿನ ಬೇಜಾರು ದೊಡ್ಡದು.

ಗೋವಾ ಮೂಲದ ಒಬ್ಬ ಹಿರಿಯ ರಿಪೇರಿಯವರು ಆಮೇಲೆ ಪರೀಕ್ಷೆ ಮಾಡುವ ರೀತಿ ಹೇಳಿಕೊಟ್ಟರು. ಬನ್ನಿ, ಮುಂದೆ ಕೂತವರು ನೋಡಿ. ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿದ ಈ ಲೋಹದ ಪಟ್ಟಿಗಳಿಗೆ ಫ್ರೆಟ್ ಅನ್ನುತ್ತಾರೆ. ಒಂದೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಬೇಕು. ಈಗ ತಂತಿಯೇ ಅಳತೆಪಟ್ಟಿ. ನಡುವೆ, ಏಳನೆಯ ಎಂಟನೆಯ ಫ್ರೆಟ್ಟಿನ ಹತ್ತಿರ, ತಂತಿಯ ಅಡಿಯಲ್ಲಿ ಕೂದಲೆಳೆಯಷ್ಟು ಸಂದು ಕಾಣಬೇಕು. ಜಾಸ್ತಿ ಇದ್ದರೆ ನೆಕ್ ಬಾಗಿದೆ. ಬಾಗಿದ್ದರೆ ಚಿಂತೆಯಿಲ್ಲ, ಒಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್. ಅದನ್ನು ಕೀಲಿಯಿಂದ ಕಾಲು ಸುತ್ತು, ಮತ್ತೆ ಕಾಲು ಸುತ್ತು ಹೀಗೆ ನಿಧಾನಕ್ಕೆ ತಿರುಗಿಸಿ ಸರಿಮಾಡಬಹುದು. ಮುಂಬಯಿಯ ಮಳೆಗಾಲದಲ್ಲಿ ಮರ ಪಸೆ ಕುಡಿದು ಸ್ವಲ್ಪ ಅತ್ತಿತ್ತ ಆಗಿಯೇ ಆಗುತ್ತದೆ. ಆದರೆ ತಿರುಚಿದ ನೆಕ್ಕಿಗೆ ಆ ಸರಳಿನಿಂದ ಉಪಾಯವಿಲ್ಲ. ಅಂಥದನ್ನು ಎಷ್ಟು ಕಡಿಮೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು, ಮುಖ್ಯವಾಗಿ ಸಣ್ಣ ಕೈಯವರಿಗೆ. ಬೇಸ್‌ನಲ್ಲಿ ತಂತಿ ಅದುರುವ ಉದ್ದ ಸಾಮಾನ್ಯವಾಗಿ 34 ಇಂಚು. 30 ಇಂಚಿನದೂ ಸಿಗುತ್ತದೆ, ಅದನ್ನು ಶಾರ್ಟ್ ಸ್ಕೇಲ್ ಅನ್ನುತ್ತಾರೆ. ಫ್ರೆಟ್ಟುಗಳು ಹತ್ತಿರ ಇರುತ್ತವೆ, ಬೆರಳು ಎಳೆಯುವುದಿಲ್ಲ. ಈಗ ನನ್ನ ಕೈಯಲ್ಲಿರುವುದು ಅದೇ. ಎರಡನೇ ಸಲ ಕೊಳ್ಳುವಾಗ ಆಫೀಸ್ ಬಿಟ್ಟ ಮೇಲೆ ಧೋಬಿ ತಲಾವ್ ಕಡೆಗೆ ಎಷ್ಟೋ ಸಂಜೆ ನಡೆದೆ. 1865ರಲ್ಲಿ ಶುರುವಾದ ವಾದ್ಯದಂಗಡಿ ಫರ್ಟಾಡೋಸ್ ಇರುವುದು ಆ ಕಡೆಯೇ. ಹಳ್ಳಿಯಿಂದ ಬಂದ ಗೋವಾದವರು ಒಟ್ಟಿಗೆ ಇರುವ ಕೂಡ್‌ಗಳೂ ಅದೇ ಸುತ್ತಿನಲ್ಲಿ. ಹಿಂದಿ ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ ಪಿಟೀಲು, ಟ್ರಂಪೆಟ್, ಬೇಸ್ ನುಡಿಸಿದ ಎಷ್ಟೋ ಕೈಗಳು ಗೋವಾದವು. ನಮ್ಮವರು ಹೋಟೆಲ್ ಹಿಡಿದು ಈ ಊರಿಗೆ ಬಂದರೆ, ಅವರಲ್ಲಿ ಎಷ್ಟೋ ಮಂದಿ ವಾದ್ಯ ಹಿಡಿದು ಬಂದರು.

ಈ ವಾದ್ಯಕ್ಕೆ ವಯಸ್ಸು ತುಂಬ ಆಗಿಲ್ಲ. ಮೊದಲು ಬೇಸ್ ಅಂದರೆ ಆಳೆತ್ತರದ ದೊಡ್ಡ ಪಿಟೀಲಿನಂಥ ವಾದ್ಯ, ನಿಂತು ನುಡಿಸುವಂಥದ್ದು. ಸಾಗಿಸುವುದು ಕಷ್ಟ, ಡ್ರಮ್ಮಿನ ಪಕ್ಕದಲ್ಲಿ ಅದು ಕೇಳುವುದೂ ಕಷ್ಟ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಅನ್ನುವವರು 1930ರ ದಶಕದಲ್ಲೇ ಕರೆಂಟಿನ ಬೇಸ್ ಒಂದನ್ನು ಮಾಡಿದ್ದರು, ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಮಾಡಿದ್ದು ಮನೆಮಾತಾಯಿತು. ಅದಕ್ಕೆ ಅವರು ಇಟ್ಟ ಹೆಸರು ಪ್ರಿಸಿಷನ್ ಬೇಸ್. ವೀಣೆಯ ಮೆಟ್ಟಿಲಿನ ಹಾಗೆ ಇದಕ್ಕೆ ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಅಂತ ಆ ಹೆಸರು. ಫೆಂಡರ್ ಮೊದಲು ಲೆಕ್ಕಪತ್ರ ಬರೆಯುವ ಕೆಲಸದಲ್ಲಿದ್ದವರು, ಆಮೇಲೆ ರೇಡಿಯೊ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನುಡಿಸುವವರು ಹೇಳಿದ್ದನ್ನು ಕಿವಿಗೊಟ್ಟು ಕೇಳುತ್ತಿದ್ದರು. ದಿನವಿಡೀ ಪಾಲಿಸಿ ಫೈಲುಗಳ ಲೆಕ್ಕ ನೋಡುವ ನನಗೆ ಇದು ಓದಿದಾಗ ಬಹಳ ಖುಷಿಯಾಗಿತ್ತು.

ಈಗ ನಾನು ಇಲ್ಲಿಗೆ ಬಂದ ನಿಜವಾದ ಕಾರಣ. ನಮ್ಮ ತಂಡದಲ್ಲಿ ಹಾಡುವ ಅಕ್ಕ ಇಲ್ಲೇ ಕೂತಿದ್ದಾರೆ. ಅಕ್ಕ, ಅಲ್ಲಿಂದಲೇ ಒಂದು ‘ಸ’ ಹಿಡೀತೀರಾ? ಏನೂ ಬದಲಾಯಿಸಬೇಡಿ, ಸುಮ್ನೆ ಒಂದೇ ಸ್ವರ.

ಅಕ್ಕನ ಶ್ರುತಿ ಐದು. ಅಂದರೆ ಜಿ. ನನ್ನ ಜಿ ತಂತಿಯನ್ನು ಸುಮ್ಮನೆ ಮೀಟಿದರೆ ಅದೇ ಸ್ವರ. ಕೇಳಿ. ಅವರದೂ ‘ಸ’, ನನ್ನದೂ ‘ಸ’. ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗಿದೆ ಅಲ್ವಾ?

ಅಕ್ಕ, ಉಸಿರು ತಗೊಂಡು ಮತ್ತೆ ಅದೇ ಸ್ವರ. ಈ ಸಲ ನಾನು ಕೆಳಗೆ ‘ದ’ ಹಿಡಿಯುತ್ತೇನೆ, ಚತುಶ್ರುತಿ ಧೈವತ. ಡಿ ತಂತಿಯ ಎರಡನೇ ಫ್ರೆಟ್. ಈಗ ಕೇಳಿ. ಅಕ್ಕ ಏನೂ ಬದಲಾಯಿಸಿಲ್ಲ. ಆದರೆ ಅವರ ದನಿಯಲ್ಲಿ ಏನೋ ಒಂದು ದುಃಖ ಬಂತು. ಯಾರನ್ನೋ ಸ್ಟೇಷನ್ನಿಗೆ ಬಿಟ್ಟು ವಾಪಸ್ ಬರುವ ಹಾಗೆ.

ಇನ್ನೊಂದೇ ಸಲ. ಈಗ ನಾನು ಬೆರಳನ್ನು ಒಂದೇ ಒಂದು ಫ್ರೆಟ್ ಹಿಂದಕ್ಕೆ ತರುತ್ತೇನೆ. ಶುದ್ಧ ಧೈವತ.

ಕೇಳಿತಾ? ಕಿಟಕಿ ತೆರೆದ ಹಾಗಾಯಿತು. ಅದೇ ಅಕ್ಕ, ಅದೇ ‘ಸ’. ಕೆಳಗಿನ ಸ್ವರಕ್ಕೂ ಮೇಲಿನ ಸ್ವರಕ್ಕೂ ನಡುವಿನ ದೂರ ಅರ್ಧ ಸ್ವರದಷ್ಟು ಹೆಚ್ಚಾಯಿತು, ಅಷ್ಟೇ. ಮೊದಲಿನದು ಮೈನರ್, ಎರಡನೆಯದು ಮೇಜರ್ ಅನ್ನುತ್ತಾರೆ. ಹೆಸರು ಬಿಡಿ. ಹಾಡುವವರ ಒಂದು ಸ್ವರದ ಬಣ್ಣ ಬದಲಾಯಿಸುವುದು ಈ ಬೆರಳಿಗೆ ಸಾಧ್ಯ. ಇದನ್ನು ಮಾಡಲು ಕೈಚಳಕ ಬೇಕಾಗಿಲ್ಲ. ಕಲಿತು ಒಂದು ತಿಂಗಳಾದವರೂ ಮಾಡಬಹುದು. ಮೊದಲ ಸಲ ಅಕ್ಕನ ದನಿಯ ಕೆಳಗೆ ಹೀಗೆ ಸ್ವರ ಬದಲಾದಾಗ ನನಗೆ ಮೈಯೆಲ್ಲ ಜುಮ್ಮೆಂದಿತ್ತು. ಒಂಬತ್ತು ವರ್ಷ ಆದರೂ ಆಗುತ್ತದೆ.

ಹೊಸದರಲ್ಲಿ ನಾನು ಜಾಸ್ತಿ ನುಡಿಸುತ್ತಿದ್ದೆ. ಎಲ್ಲಿ ಸಂದು ಸಿಕ್ಕರೂ ತುಂಬಿಸುವುದು. ಮೇಷ್ಟ್ರು ಒಂದು ದಿನ ಕೇಳಿದರು, “ಸ್ವರ ಎಲ್ಲಿ ಶುರು ಮಾಡ್ತೀರಿ ಅಂತ ನೋಡ್ತೀರಿ. ಎಲ್ಲಿ ನಿಲ್ಲಿಸ್ತೀರಿ ಅಂತ ನೋಡ್ತೀರಾ?” ಆ ಮಾತಿನಿಂದ ನನ್ನ ಕಿವಿ ತೆರೆಯಿತು. ಬೇಸ್ ತಂತಿ ಮೀಟಿ ಬಿಟ್ಟರೆ ತುಂಬ ಹೊತ್ತು ಗುಂಯ್ ಅನ್ನುತ್ತಿರುತ್ತದೆ. ಪಕ್ಕದ ತಂತಿಗಳೂ ತಾವಾಗಿ ದನಿ ಸೇರಿಸುತ್ತವೆ. ಅವನ್ನೆಲ್ಲ ಬೆರಳಿನಿಂದ, ಅಂಗೈ ಅಂಚಿನಿಂದ ಮೆಲ್ಲಗೆ ಮುಟ್ಟಿ ಸುಮ್ಮನಿರಿಸಬೇಕು. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಇದೇ. ಒಂದೇ ಸ್ವರವನ್ನು ಉದ್ದ ಬಿಟ್ಟರೆ ಹಾಡು ತೊಟ್ಟಿಲಿನ ಹಾಗೆ ತೂಗುತ್ತದೆ. ತುಂಡು ಮಾಡಿದರೆ ಕಾಲು ತಾನಾಗಿ ತಾಳ ಹಾಕುತ್ತದೆ.

ಅಭ್ಯಾಸ ಎಷ್ಟು ಅಂತ ಕೇಳುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ. ರಾತ್ರಿ ಪಾತ್ರೆ ಎಲ್ಲ ಆದ ಮೇಲೆ. ಫೋನಿನಲ್ಲಿ ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು, ಒಂದೊಂದು ಟಿಕ್‌ಗೆ ಒಂದೊಂದು ಸ್ವರ. ತೋರುಬೆರಳು, ನಡುಬೆರಳು, ಮತ್ತೆ ತೋರುಬೆರಳು. ವೇಗವಾಗಿ ನುಡಿಸುವುದಕ್ಕಿಂತ ಹೀಗೆ ನಿಧಾನ ನುಡಿಸುವುದು ಕಷ್ಟ. ಎರಡು ಟಿಕ್ ನಡುವೆ ಎಷ್ಟೊಂದು ಜಾಗ ಇದೆ ಅಂತ ಆಗ ತಿಳಿಯುತ್ತದೆ. ಇಡೀ ದಿನದಲ್ಲಿ ನನಗೆ ಯಾವ ಅವಸರವೂ ಇಲ್ಲದ ಇಪ್ಪತ್ತು ನಿಮಿಷ ಅದು. ಬೆಳಗಿನ 8.04ರ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಇದರ ಬೆಲೆ ಗೊತ್ತು.

ಫ್ಲ್ಯಾಟಿನಲ್ಲಿ ಇರುವವರು ಒಂದು ಎಚ್ಚರ ಇಟ್ಟುಕೊಳ್ಳಿ. ತಗ್ಗಿನ ಸ್ವರ ಗೋಡೆಯನ್ನು ಸುಲಭವಾಗಿ ದಾಟುತ್ತದೆ. ಹೊಸದರಲ್ಲಿ ಕೆಳಗಿನ ಮನೆಯ ಕಾಕೂ ಮೇಲೆ ಬಂದು, ನೀರಿನ ಪಂಪ್ ಬಂದ್ ಮಾಡಲು ಮರೆತಿರಾ ಅಂತ ಕೇಳಿದರು. ಈಗ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತೇನೆ. ಬೇಸ್‌ಗೆ ನೇರ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಸಣ್ಣ ಆಂಪ್, ಅಂದರೆ ದನಿ ಜೋರು ಮಾಡುವ ಸಾಧನ, ಸಿಗುತ್ತದೆ. ಕಾಕೂ ಆಮೇಲೆ ನಮ್ಮ ಗಣೇಶೋತ್ಸವದ ಕಾರ್ಯಕ್ರಮಕ್ಕೆ ಮೊದಲ ಸಾಲಿನಲ್ಲಿ ಬಂದು ಕೂರುವವರಾದರು. ಅದು ಬೇರೆ ಮಾತು.

ಕೇಳುವುದಕ್ಕೂ ಹೆಡ್‌ಫೋನ್ ಬೇಕು. ಫೋನಿನ ಸಣ್ಣ ಸ್ಪೀಕರಿಗೆ 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಸಲದ ಅದುರು, ಹೊರಡಿಸುವ ಶಕ್ತಿ ಇಲ್ಲ. ಅದರ ಹಲವು ಪಟ್ಟು ಮೇಲಿನ ಅಂಶಗಳು ಮಾತ್ರ ಬರುತ್ತವೆ. ಕೆಳಗಿನ ಸ್ವರವನ್ನು ನಮ್ಮ ಮಿದುಳು ತಾನೇ ಊಹಿಸಿ ಸೇರಿಸಿಕೊಳ್ಳುತ್ತದೆ. ಇಲ್ಲದ ಸ್ವರ ನಮಗೆ ಕೇಳುತ್ತದೆ! ಇದನ್ನು ಓದಿದ ದಿನ ನಾನು ರಾತ್ರಿ ಹನ್ನೊಂದರವರೆಗೂ ಒಂದೇ ಹಾಡನ್ನು ಫೋನಿನಲ್ಲೊಮ್ಮೆ, ಹೆಡ್‌ಫೋನಿನಲ್ಲೊಮ್ಮೆ ಕೇಳುತ್ತಾ ಕೂತಿದ್ದೆ.

ಲೇಡೀಸ್ ಡಬ್ಬದಲ್ಲಿ ಒಂದು ಗಂಟೆಗೂ ಜಾಸ್ತಿ ಪ್ರಯಾಣ. ಮೊದಲು ಅದು ಸುಮ್ಮನೆ ಕಳೆಯುವ ಹೊತ್ತಾಗಿತ್ತು. ಈಗ ಹಾಡಿನ ತಳ ಹುಡುಕುತ್ತೇನೆ. ಇಳಯರಾಜ ಎಂಬತ್ತರ ದಶಕದಲ್ಲಿ ಕನ್ನಡಕ್ಕೆ ಕೊಟ್ಟ ಹಾಡುಗಳನ್ನು ನಾವೆಲ್ಲ ಬಾಯಿಪಾಠ ಮಾಡಿಕೊಂಡವರು. ಅವುಗಳ ಅಡಿಯಲ್ಲಿ ಬೇಸ್ ಬೇರೆಯೇ ಒಂದು ರಾಗ ಹಾಡುತ್ತಿರುತ್ತದೆ, ಅದನ್ನು ಕೇಳಿದ್ದೀರಾ? ಆರ್.ಡಿ. ಬರ್ಮನ್ ಬಳಗದಲ್ಲಿ ಟೋನಿ ವಾಜ್ ನುಡಿಸಿದ ಬೇಸ್ ಕೇಳಿ. ಅಮೆರಿಕದ ಡೆಟ್ರಾಯ್ಟಿನ ಜೇಮ್ಸ್ ಜೇಮರ್ಸನ್ ಬೇಸ್ ಮೀಟುತ್ತಿದ್ದದ್ದು ಒಂದೇ ತೋರುಬೆರಳಿನಿಂದ. ಎಷ್ಟೋ ವರ್ಷ ರೆಕಾರ್ಡ್ ಕವರಿನ ಮೇಲೆ ಅವರ ಹೆಸರು ಇರಲಿಲ್ಲ. ಅಮೆರಿಕದವರೇ ಆದ ಕ್ಯಾರೊಲ್ ಕೇ ಮೊದಲು ಗಿಟಾರ್ ವಾದಕಿ. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವರು ಬರಲಿಲ್ಲ ಅಂತ ಬೇಸ್ ಹಿಡಿದರು, ಮತ್ತೆ ಬಿಡಲಿಲ್ಲ. ನಮ್ಮ ಮುಂಬಯಿಯ ಮೋಹಿನಿ ಡೇ ಅವರದು ಬೇರೆಯೇ ಎತ್ತರ. ಅವರ ಬೆರಳಿನ ವೇಗ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಅದರಿಂದ ನನ್ನ ಖುಷಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಅವರನ್ನು ಕೇಳುವ ಖುಷಿ ಜಾಸ್ತಿಯಾಗಿದೆ, ಯಾಕೆಂದರೆ ಆ ಬೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಈಗ ಕಾಣುತ್ತದೆ.

ಕಿವಿ ಹೀಗೆ ತಳಕ್ಕೆ ಇಳಿದ ಮೇಲೆ ಊರೂ ಬೇರೆ ಥರ ಕೇಳುತ್ತದೆ. ನಮ್ಮ ಸೊಸೈಟಿಯ ಗೇಟಿನ ಪಕ್ಕ ಟ್ರಾನ್ಸ್‌ಫಾರ್ಮರ್ ಇದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಅದರ ಎರಡರಷ್ಟು, 100. ನನ್ನ ಜಿ ತಂತಿ 98. ಅಂದರೆ ಅದು ಅಕ್ಕನ ಶ್ರುತಿಗಿಂತ ಒಂದು ಕೂದಲೆಳೆ ಮೇಲೆ ಹಾಡುತ್ತಿದೆ. ಹತ್ತು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ, ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ನಮ್ಮ ತಂಡ ಚಿಕ್ಕದು. ಹಾಡುವ ಅಕ್ಕ, ಕೀಬೋರ್ಡಿಗೆ ನಿವೃತ್ತ ಮೇಷ್ಟ್ರು, ಗಿಟಾರಿಗೆ ಸಾಫ್ಟ್‌ವೇರ್ ಕೆಲಸದ ತಮ್ಮ, ಕಹೋನ್ ಅನ್ನುವ ಮರದ ಪೆಟ್ಟಿಗೆಯ ಮೇಲೆ ಕೂತು ಬಾರಿಸುವ ಕಾಲೇಜು ಹುಡುಗ. ಆ ಪೆಟ್ಟಿಗೆಯ ದಪ್ಪ ಪೆಟ್ಟು ಮತ್ತು ನನ್ನ ಸ್ವರ ಒಂದೇ ಕ್ಷಣಕ್ಕೆ ಬಿದ್ದರೆ ಅವೆರಡೂ ಸೇರಿ ಒಂದೇ ವಾದ್ಯ ಆಗುತ್ತದೆ. ಹಾಗೆ ಬಿದ್ದಾಗ ಹುಡುಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡುತ್ತಾನೆ. ಅವನಿಗೆ ಹತ್ತೊಂಬತ್ತು, ನನಗೆ ಐವತ್ತೆರಡು. “ಆಂಟಿ, ಈಗ ಸಿಕ್ತು” ಅನ್ನುತ್ತಾನೆ. ನಾನು ಈ ವಾದ್ಯ ಹಿಡಿಯದೆ ಇದ್ದಿದ್ದರೆ ಈ ಹುಡುಗನ ಜೊತೆ “ಪರೀಕ್ಷೆ ಹೇಗಾಯ್ತಪ್ಪ” ಅನ್ನುವುದಕ್ಕಿಂತ ಹೆಚ್ಚಿಗೆ ಮಾತಾಡುತ್ತಿದ್ದೆನಾ?

ಹೋದ ಗಣೇಶೋತ್ಸವದ ಸಂಜೆ. ಅಕ್ಕ ಒಂದು ಭಾವಗೀತೆ ಹಾಡುತ್ತಿದ್ದರು. ಎರಡನೇ ಚರಣದ ನಂತರ ಪಲ್ಲವಿಗೆ ಬರಬೇಕು. ಹೊರಗೆ ಪಟಾಕಿ, ಪಕ್ಕದ ಮಂಟಪದ ಢೋಲ್. ಅಕ್ಕ ಪಲ್ಲವಿ ಬಿಟ್ಟು ನೇರ ಮೂರನೇ ಚರಣಕ್ಕೆ ಹೋದರು. ಹೋಗುವ ಮೊದಲು ಉಸಿರು ತಗೊಂಡರು. ಆ ಉಸಿರು ಪಲ್ಲವಿಯದ್ದಲ್ಲ. ಪಲ್ಲವಿಗೆ ಅವರು ಸಣ್ಣಗೆ ತಗೊಳ್ಳುತ್ತಾರೆ. ಇದು ದೊಡ್ಡದು, ಹೆಗಲು ಎದ್ದಿತು. ಚರಣ ಶುರುವಾಗುವುದು ಮೇಲಿನ ಸ್ವರದಲ್ಲಿ. ನನ್ನ ಬೆರಳು ಯೋಚನೆಗೆ ಮೊದಲೇ ಚರಣದ ಸ್ವರಕ್ಕೆ ಹೋಯಿತು. ಅಕ್ಕನ ಮೊದಲ ಅಕ್ಷರ ಮತ್ತು ನನ್ನ ಸ್ವರ ಒಟ್ಟಿಗೆ ಬಿದ್ದವು. ಕೀಬೋರ್ಡ್ ಮೇಷ್ಟ್ರು ಅದನ್ನು ಕೇಳಿ ಹಿಂದೆಯೇ ಬಂದರು. ಗಿಟಾರ್ ಬಂತು. ಸಭೆಗೆ ಏನೂ ಗೊತ್ತಾಗಲಿಲ್ಲ. ಅಕ್ಕನಿಗೆ ಮನೆಗೆ ಹೋದ ಮೇಲೆ ಗೊತ್ತಾಯಿತಂತೆ.

ಅಪ್ಪಯ್ಯ ತೀರಿಕೊಂಡು ಹನ್ನೆರಡು ವರ್ಷ. ಅವರು ಯಾರ ಉಸಿರು ನೋಡುತ್ತಿದ್ದರು, ಹೇಗೆ ನೋಡುತ್ತಿದ್ದರು ಅನ್ನುವುದು ನನಗೆ ಆ ಮಂಟಪದಲ್ಲಿ ತಿಳಿಯಿತು. ಅವರಿದ್ದಿದ್ದರೆ ಅವತ್ತೇ ರಾತ್ರಿ ಫೋನ್ ಮಾಡಿ ಹೇಳುತ್ತಿದ್ದೆ.

ಮಾತು ಸಾಕು. ಮುಟ್ಟಿ ನೋಡುವವರು ಬನ್ನಿ, ಮಕ್ಕಳಿಗೆ ಮೊದಲು. ಎಡಗೈ ಬೆರಳು ಫ್ರೆಟ್ಟಿನ ಮೇಲೆ ಅಲ್ಲ, ಅದರ ಸ್ವಲ್ಪ ಹಿಂದೆ ಇಡಿ, ಆಗ ಕಡಿಮೆ ಒತ್ತಿದರೂ ಸ್ವರ ಚೆನ್ನಾಗಿ ಬರುತ್ತದೆ. ಹಾಂ, ಹಾಗೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಭಾನುವಾರ ಸಂಜೆ ನಾಲ್ಕಕ್ಕೆ ಇದೇ ಹಾಲಿನಲ್ಲಿ ಅಭ್ಯಾಸ ಇದೆ. ಹಾಡುವವರು ಇನ್ನಿಬ್ಬರು ಬೇಕು. ಬರುವವರು ಯಾರಾದರೂ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತನ್ನಿ, ಇಲ್ಲಿರುವುದರಲ್ಲಿ ಎರಡೇ ಪಾಯಿಂಟ್ ಕೆಲಸ ಮಾಡುತ್ತಿವೆ.